ಅಪ್ಪನ ಪದ್ಮಿನಿಗೆ ಅಲಾಯ್ ವೀಲ್ ಹಾಕಿಸಬೇಕು, ಮಾಡಿಸಿದವರು ಅನುಭವ ಹೇಳಿ

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯವನು. ಅಪ್ಪನ 1982ರ ಪ್ರೀಮಿಯರ್ ಪದ್ಮಿನಿ ಒಂಬತ್ತು ವರ್ಷ ಮನೆ ಹಿಂದಿನ ಶೆಡ್‌ನಲ್ಲೇ ನಿಂತಿತ್ತು. ಈಗ ಎಂಜಿನ್ ಸ್ಟಾರ್ಟ್ ಆಗಿದೆ, ಟಿಂಕರಿಂಗ್ ಮುಗಿದಿದೆ, ಪೇಂಟ್ ಬಾಕಿ. 15 ಇಂಚಿನ ಅಲಾಯ್, 195/50 ಟೈರ್, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್, ಸಾಧ್ಯವಾದರೆ ಒಂದು ಎಸಿ. ಇಷ್ಟು ನನ್ನ ಆಸೆ. ಅಪ್ಪ ಮಾತ್ರ "ಮೊದಲು ಹೇಗಿತ್ತೋ ಹಾಗೇ ಇರಲಿ" ಅಂತಾರೆ. ಯಾವುದು ಮಾಡಿಸಬಹುದು, ಯಾವುದು ಬೇಡ, ತಿಳಿದವರು ಹೇಳಿ.

ಕೌಲ್ ಬಜಾರ್‌ನಿಂದ

ತಮ್ಮಾ, ಮೊದಲು ನನ್ನ ಗಾಡಿಗೆ ಏನಾಯ್ತು ಅಂತ ಹೇಳ್ತೀನಿ. ಅದನ್ನು ಓದಿದ ಮೇಲೆ ವೀಲ್ ಅಂಗಡಿಗೆ ಹೋಗಿ.

ನನ್ನದು ಪ್ರೀಮಿಯರ್ 118 ಎನ್‌ಇ. ಬಾಡಿ ಫಿಯಟ್ 124ರದ್ದು, ಎಂಜಿನ್ ನಿಸ್ಸಾನ್‌ದು. ಅದರ ಬೋಲ್ಟ್ ಲೆಕ್ಕ 4/98. ಅಂದರೆ ನಾಲ್ಕು ಬೋಲ್ಟ್, ಎದುರು ಬದುರು ಬೋಲ್ಟ್‌ಗಳ ಮಧ್ಯೆ 98 ಮಿ.ಮೀ. ಇದಕ್ಕೇ ಪಿಸಿಡಿ ಅಂತಾರೆ. ನನಗೆ ಇಷ್ಟವಾದ 13 ಇಂಚಿನ ಅಲಾಯ್ ಸ್ಯಾಂಟ್ರೋಗೆ ಅಂತ ಬಂದದ್ದು, 4/100. ಅಂಗಡಿಯವರು "ಎರಡು ಮಿ.ಮೀ. ತಾನೇ, ಬೋಲ್ಟ್ ಬಿಗಿದರೆ ಕೂತ್ಕೊಳ್ಳುತ್ತೆ" ಅಂದರು. ನಿಜ, ಕೂತಿತು. ನೋಡೋಕೂ ಚೆನ್ನಾಗಿತ್ತು. ಹನ್ನೆರಡು ದಿನ ಊರಲ್ಲೇ ಓಡಿಸಿದೆ.

ಆಮೇಲೆ ಸಿರುಗುಪ್ಪಕ್ಕೆ ಹೊರಟೆ. 60 ದಾಟಿದ ಕೂಡಲೇ ಸ್ಟೀರಿಂಗ್ ನಡುಗೋಕೆ ಶುರುವಾಯ್ತು. ಬ್ಯಾಲೆನ್ಸಿಂಗ್ ಇರಬೇಕು ಅಂದುಕೊಂಡೆ. ತೆಕ್ಕಲಕೋಟೆ ಹತ್ತಿರ ಬಂದಾಗ ಎಡಗಡೆ ಮುಂದಿನಿಂದ ಟಕ್ ಟಕ್ ಅಂತ ಸದ್ದು. ಇಳಿದು ನೋಡಿದರೆ ಎರಡು ಬೋಲ್ಟ್ ಬೆರಳಲ್ಲೇ ತಿರುಗುತ್ತಿದ್ದವು, ಒಂದು ಇರಲೇ ಇಲ್ಲ. ಹಿಂದಿನ ಸೀಟಲ್ಲಿ ಹೆಂಡತಿ, ಮಗಳು ಇದ್ದರು. ಆ ಹೊತ್ತು ನನಗಿನ್ನೂ ಮರೆತಿಲ್ಲ.

ಮನೆಗೆ ತಂದು ಬಿಚ್ಚಿದಾಗ ಬೋಲ್ಟನ್ನು ಕೈಯಲ್ಲಿ ಹಿಡಿದು ನೋಡಿದೆ. ಬೋಲ್ಟಿನ ತಲೆಯ ಕೆಳಗೆ ಇಳಿಜಾರು ಭಾಗ ಇರುತ್ತಲ್ಲ, ಅದು ಸುತ್ತಲೂ ಸಮನಾಗಿ ಕೂತಿದ್ದರೆ ಸುತ್ತಲೂ ಉಜ್ಜಿದ ಗುರುತು ಇರಬೇಕು. ನನ್ನ ಬೋಲ್ಟಲ್ಲಿ ಒಂದೇ ಕಡೆ ಬಿದಿಗೆ ಚಂದ್ರನ ಹಾಗೆ ಹೊಳೀತಿತ್ತು, ಉಳಿದ ಕಡೆ ಹಾಗೇ ಕಪ್ಪು. ಅಲಾಯ್‌ನ ತೂತು ಮೊಟ್ಟೆ ಆಕಾರಕ್ಕೆ ಬಂದಿತ್ತು. ಅಷ್ಟು ದಿನ ಇಡೀ ಚಕ್ರವನ್ನು ಬೋಲ್ಟಿನ ಒಂದು ಅಂಚು ಹಿಡಿದುಕೊಂಡಿತ್ತು.

ಅದಕ್ಕೇ ಹೇಳ್ತೀನಿ, ಪದ್ಮಿನಿಗೆ ಯಾವ ಪಿಸಿಡಿ ಅಂತ ಯಾರ ಬಾಯಿ ಮಾತನ್ನೂ ನಂಬಬೇಡಿ, ನನ್ನದನ್ನೂ ನಂಬಬೇಡಿ. ನಿಮ್ಮ ಗಾಡಿಯ ಡಿಸ್ಕ್, ಅಂದರೆ ಟೈರ್ ಕೂರುವ ಕಬ್ಬಿಣದ ಚಕ್ರ, ಬಿಚ್ಚಿ ಅಳೆಯಿರಿ. ಒಂದು ತೂತಿನ ಎಡ ಅಂಚಿನಿಂದ ಎದುರಿನ ತೂತಿನ ಎಡ ಅಂಚಿಗೆ ವರ್ನಿಯರ್ ಹಿಡಿದರೆ ಆಯ್ತು. ಟೇಪಲ್ಲಿ 98ಕ್ಕೂ 100ಕ್ಕೂ ವ್ಯತ್ಯಾಸ ಗೊತ್ತಾಗಲ್ಲ. ಮಾರುತಿ 800ರದ್ದು 114.3, ಪಾಲಿಯೋದು 98, ಸ್ಯಾಂಟ್ರೋದು 100. ಗುಜರಿಯಲ್ಲಿ ಇವೆಲ್ಲ ಒಂದೇ ರಾಶಿಯಲ್ಲಿ ಬಿದ್ದಿರುತ್ತವೆ, ಎಲ್ಲಕ್ಕೂ ನಾಲ್ಕೇ ತೂತು! ನಡುವಿನ ದೊಡ್ಡ ತೂತನ್ನೂ ಅಳೆಯಿರಿ. ಅದು ಹಬ್‌ಗಿಂತ (ಚಕ್ರ ಕೂರುವ ಗಾಡಿಯ ಭಾಗ) ದೊಡ್ಡದಿದ್ದರೆ ಲೇತ್‌ನಲ್ಲಿ ಅಲ್ಯೂಮಿನಿಯಂ ರಿಂಗ್ ಮಾಡಿಸಬಹುದು. ಆದರೆ ಬೋಲ್ಟಿನ ತೂತನ್ನು ಎಳೆದು ದೊಡ್ಡದು ಮಾಡಿಸುವ ಕೆಲಸ ಮಾತ್ರ ಬೇಡ.

ಇನ್ನು ಬೋಲ್ಟಿನ ಉದ್ದ. ಅಲಾಯ್ ದಪ್ಪ ಇರುತ್ತೆ, ಹಳೆ ಬೋಲ್ಟ್ ಅದಕ್ಕೆ ಸಾಲಲ್ಲ. 12 ಮಿ.ಮೀ. ಬೋಲ್ಟ್ ಆದರೆ ಕನಿಷ್ಠ 12 ಮಿ.ಮೀ. ಹಬ್ ಒಳಗೆ ಇಳಿದಿರಬೇಕು. ಹಾಗಂತ ಉದ್ದ ಜಾಸ್ತಿಯಾದರೆ ಹಿಂದೆ ಬ್ರೇಕ್‌ಗೆ ತಗಲುತ್ತೆ, ಬಿಗಿದ ಮೇಲೆ ಚಕ್ರ ಕೈಯಲ್ಲಿ ತಿರುಗಿಸಿ ನೋಡಿ. ನೂರು ಕಿ.ಮೀ. ಓಡಿದ ಮೇಲೆ ಇನ್ನೊಂದು ಸಲ ಬಿಗಿಯಿರಿ. ಚಕ್ರ ಹೊರಗೆ ಕಾಣಲಿ ಅಂತ ಹಬ್‌ಗೂ ಚಕ್ರಕ್ಕೂ ಮಧ್ಯೆ ಸ್ಪೇಸರ್ ಅನ್ನೋ ದಪ್ಪ ಬಿಲ್ಲೆ ಹಾಕ್ತಾರೆ. ಭಾರ ಅಷ್ಟಷ್ಟೂ ಹೊರಗೆ ಹೋಗಿ ಬೇರಿಂಗ್ ಮೇಲೆ ಬೀಳುತ್ತೆ, ಸ್ಟೀರಿಂಗೂ ಗಟ್ಟಿಯಾಗುತ್ತೆ.

ಈಗ ನಿಮ್ಮ 195/50 ಆರ್15. ಅಂದರೆ ಟೈರಿನ ಅಗಲ 195 ಮಿ.ಮೀ., ಪಕ್ಕದ ರಬ್ಬರಿನ ಎತ್ತರ ಅದರ 50 ಪರ್ಸೆಂಟ್, ರಿಮ್ 15 ಇಂಚು. ಲೆಕ್ಕ ಹಾಕಿದರೆ ಟೈರಿನ ಎತ್ತರ 576 ಮಿ.ಮೀ. ಪದ್ಮಿನಿಗೆ ಕಂಪನಿಯಿಂದ ಬರ್ತಿದ್ದದ್ದು 14 ಇಂಚಿನ ರಿಮ್‌ಗೆ 5.20 ನೈಲಾನ್ ಟೈರು. ಅದಕ್ಕೆ ಹತ್ತಿರದ, ಈಗ ಸುಲಭವಾಗಿ ಸಿಗುವ ರೇಡಿಯಲ್ ಅಂದರೆ 165/80 ಆರ್14, ಸ್ವಿಫ್ಟ್‌ಗೆ ಹಾಕ್ತಾರಲ್ಲ, ಅದೇ. ಅದರ ಎತ್ತರ 620ರ ಹತ್ತಿರ. ನೀವು 15 ಇಂಚು ಹಾಕಿದರೂ ಗಾಡಿ 22 ಮಿ.ಮೀ. ಕೆಳಗೆ ಕೂರುತ್ತೆ. ಮೀಟರ್ 60 ತೋರಿಸುವಾಗ ಗಾಡಿ 56ರಲ್ಲಿ ಇರುತ್ತೆ. ರಿಮ್‌ಗೂ ರೋಡಿಗೂ ಮಧ್ಯೆ ರಬ್ಬರು ಹತ್ತು ಸೆಂ.ಮೀ. ಕೂಡ ಇರಲ್ಲ. ಸಂಡೂರು, ತೋರಣಗಲ್ಲು ಕಡೆ ಅದಿರು ಲಾರಿ ಓಡಾಡುವ ರೋಡಲ್ಲಿ ಒಂದು ಗುಂಡಿಗೆ ಬಿದ್ದರೆ ಏನಾಗುತ್ತೆ ನೀವೇ ಯೋಚನೆ ಮಾಡಿ. ಕಬ್ಬಿಣದ ಡಿಸ್ಕ್ ಬೆಂಡ್ ಆದರೆ ತೆಗೆಸಬಹುದು. ಅಲಾಯ್ ಬಿರುಕು ಬಿಟ್ಟರೆ ಗುಜರಿಗೇ.

ನಾನೀಗ ಹಳೆ ಕಬ್ಬಿಣದ ಡಿಸ್ಕನ್ನೇ ಬೆಂಡ್ ತೆಗೆಸಿ, ಬ್ಲಾಸ್ಟಿಂಗ್ ಮಾಡಿಸಿ, ಪೌಡರ್ ಕೋಟಿಂಗ್ ಹಾಕಿಸಿದ್ದೇನೆ. ರೇಡಿಯಲ್ ಹಾಕಿದ್ದೇನೆ. ಹಳೆ ರಿಮ್‌ನಲ್ಲಿ ಟ್ಯೂಬ್‌ಲೆಸ್ ಟೈರನ್ನು ಹಿಡಿದಿಡುವ ಉಬ್ಬು ಇರಲ್ಲ, ಅದಕ್ಕೆ ಒಳಗೆ ಟ್ಯೂಬ್ ಹಾಕಿಸಿದೆ. ಹಾಕಿಸಿದರೆ ನಾಲ್ಕಕ್ಕೂ ರೇಡಿಯಲ್ ಹಾಕಿಸಿ. ಮುಂದೆ ರೇಡಿಯಲ್, ಹಿಂದೆ ನೈಲಾನ್ ಅಂತ ಮಾಡಿದರೆ ತಿರುವಿನಲ್ಲಿ ಹಿಂಭಾಗ ಜಾರುತ್ತೆ.

ಗಂಗಾವತಿಯಿಂದ

ಅಣ್ಣ ವೀಲ್ ಬಗ್ಗೆ ಎಲ್ಲಾ ಹೇಳಿದ್ದಾರೆ. ನನ್ನದೂ ಪದ್ಮಿನಿಯೇ, ಹದಿನಾಲ್ಕು ವರ್ಷದಿಂದ ನನ್ನ ಹತ್ತಿರ ಇದೆ. ನಾನು ಬ್ರೇಕ್ ಮತ್ತು ಬಿಸಿಲಿನ ಬಗ್ಗೆ ಹೇಳ್ತೀನಿ.

ಡಿಸ್ಕ್ ಬ್ರೇಕ್‌ಗೆ ಮುಂಚೆ ಇರುವ ಡ್ರಮ್‌ಗಳನ್ನು ಸರಿ ಮಾಡಿಸಿ. ಒಂಬತ್ತು ವರ್ಷ ನಿಂತ ಗಾಡಿ ಅಂದ್ರಿ. ವೀಲ್ ಸಿಲಿಂಡರ್ ಒಳಗೆ ತುಕ್ಕು ಇರೋದು ಗ್ಯಾರಂಟಿ, ವಾಷರ್‌ಗಳು ಕಲ್ಲಾಗಿರುತ್ತವೆ. ರಬ್ಬರ್ ಹೋಸ್ ಹೊರಗಿಂದ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡಿರುತ್ತೆ. ಎಲ್ಲಾ ಹೊಸದು ಹಾಕಿಸಿ, ಡ್ರಮ್ ಲೇತ್‌ಗೆ ಕೊಡಿ, ಲೈನರ್ ಬದಲಾಯಿಸಿ. ನಾನು ಇಷ್ಟೇ ಮಾಡಿಸಿದ್ದು, ಗಾಡಿ ನೇರವಾಗಿ ನಿಲ್ಲುತ್ತೆ. ನನ್ನ ಪರಿಚಯದವರೊಬ್ಬರು ಬೇರೆ ಕಾರಿನ ಡಿಸ್ಕ್ ಕೂರಿಸಿ, ಡ್ರಮ್‌ನ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳೋದು) ಹಾಗೇ ಬಿಟ್ಟರು. ಎರಡೂ ಹೊಂದದೆ ಮುಂದಿನ ಚಕ್ರ ಹಿಡಿದುಕೊಂಡೇ ಓಡುತ್ತಿತ್ತು, ಮುಟ್ಟಿದರೆ ಕೈ ಸುಡ್ತಿತ್ತು.

ಎಸಿ ಬಗ್ಗೆ. 1089 ಸಿಸಿ, ಸುಮಾರು 40 ಕುದುರೆ ಶಕ್ತಿ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ 42 ಡಿಗ್ರಿ ದಾಟುತ್ತೆ. ಎಸಿ ಇಲ್ಲದೆಯೇ ಗಾಡಿಗೆ ಜಳ ತಡೆಯೋಕೆ ಆಗಲ್ಲ. ಪೆಟ್ರೋಲ್ ಪಂಪ್ ಎಂಜಿನ್ ಪಕ್ಕದಲ್ಲೇ ಇರೋದರಿಂದ ಕಾರ್ಬೊರೇಟರ್‌ಗೆ ಹೋಗುವ ದಾರಿಯಲ್ಲೇ ಪೆಟ್ರೋಲ್ ಆವಿಯಾಗಿ ಗಾಡಿ ನಿಲ್ಲುತ್ತೆ. ಪಂಪ್ ಮೇಲೆ ಒದ್ದೆ ಬಟ್ಟೆ ಹಾಕಿ ಕಾದು ಎಷ್ಟೋ ಸಲ ಮನೆಗೆ ಬಂದಿದ್ದೇನೆ. ಎಸಿ ದುಡ್ಡಲ್ಲಿ ರೇಡಿಯೇಟರ್ ಬಿಚ್ಚಿಸಿ ರಾಡ್ ಹಾಕಿ ಕ್ಲೀನ್ ಮಾಡಿಸಿ, ಒಂದು ಎಲೆಕ್ಟ್ರಿಕ್ ಫ್ಯಾನ್ ಹಾಕಿಸಿ. ಗಾಡಿಯಲ್ಲಿ ಡೈನಮೋ ಇದ್ದರೆ ಫ್ಯಾನ್‌ಗೆ ಮುಂಚೆ ಆಲ್ಟರ್ನೇಟರ್ ಆಗಬೇಕು, ಇಲ್ಲದಿದ್ದರೆ ರಾತ್ರಿ ಬ್ಯಾಟರಿ ಇಳಿಯುತ್ತೆ. ಹೆಡ್‌ಲೈಟ್‌ಗೆ ರಿಲೇ ಹಾಕಿಸಿ. ಖರ್ಚು ಕಡಿಮೆ, ಬೆಳಕು ಜಾಸ್ತಿ, ಹಳೆ ಸ್ವಿಚ್ಚೂ ಸುಡಲ್ಲ.

ಇನ್ನೊಂದು ವಿಷಯ. ಈಗ ಬಂಕ್‌ಗಳಲ್ಲಿ ಬರೋದು 20 ಪರ್ಸೆಂಟ್ ಎಥನಾಲ್ ಇರುವ ಪೆಟ್ರೋಲ್. ಹಳೆ ಪೈಪು, ಪಂಪಿನ ಡಯಾಫ್ರಂ ಅದಕ್ಕೆ ತಡೆಯಲ್ಲ. ಎಥನಾಲ್ ತಡೆಯುವ ಪೈಪ್ ಕೇಳಿ ಹಾಕಿಸಿ.

ರಾಯಚೂರಿನಿಂದ

ಕಾಗದಪತ್ರದ ಬಗ್ಗೆ ಯಾರೂ ಹೇಳಲಿಲ್ಲ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಎಂಜಿನ್, ಚಾಸಿ, ಬಾಡಿಗೆ ಕೈ ಹಾಕುವ ಮುಂಚೆ ಆರ್‌ಟಿಒದಲ್ಲಿ ಕೇಳಿ, ಇನ್ಶೂರೆನ್ಸ್‌ನವರಿಗೂ ತಿಳಿಸಿ. ಆರ್‌ಸಿ ರಿನ್ಯೂವಲ್ ಆಗಿದೆಯಾ ನೋಡಿಕೊಳ್ಳಿ. 15 ವರ್ಷದ ಮೇಲೆ ಐದೈದು ವರ್ಷಕ್ಕೆ ಮಾಡಿಸಬೇಕು.

2021ರಲ್ಲಿ ವಿಂಟೇಜ್ ಗಾಡಿಗಳಿಗೆ ಬೇರೆ ನಿಯಮ ಬಂದಿದೆ. 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಮೂಲದ್ದೇ ಇರಬೇಕು. ನಂಬರಲ್ಲಿ 'ವಿಎ' ಅಂತ ಬರುತ್ತೆ. ಆದರೆ ಆ ಗಾಡಿಯನ್ನು ದಿನಾ ಓಡಿಸುವಂತಿಲ್ಲ. ನಿಮ್ಮದಕ್ಕೆ 2032ರಲ್ಲಿ 50 ತುಂಬುತ್ತೆ. ಅಲ್ಲಿಯವರೆಗೆ ಏನನ್ನೂ ಕತ್ತರಿಸದೆ, ವೆಲ್ಡ್ ಮಾಡದೆ ಇಟ್ಟುಕೊಂಡರೆ ಆ ದಾರಿಯೂ ತೆರೆದಿರುತ್ತೆ, ಅಲ್ವಾ?

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿಮ್ಮ ಮಾತನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ತೆಕ್ಕಲಕೋಟೆ ಕಥೆ ಕೇಳಿ ಸುಮ್ನೆ ಕೂತರು. ಆಮೇಲೆ ಎದ್ದು ಹೋಗಿ ಅಟ್ಟದಿಂದ ಒಂದು ಗೋಣಿಚೀಲ ಇಳಿಸಿದರು. ಒಳಗೆ ನಾಲ್ಕೂ ಹಬ್ ಕ್ಯಾಪ್, ಹಳೆ ಪೇಪರಲ್ಲಿ ಸುತ್ತಿಟ್ಟಿದ್ದರು. ಒಂದಕ್ಕೆ ಮಾತ್ರ ಸ್ವಲ್ಪ ಸೊಟ್ಟ. ಡಿಸ್ಕ್ ಬ್ರೇಕ್, ಎಸಿ ಎರಡೂ ಕೈಬಿಟ್ಟೆ. ಡ್ರಮ್ ಕೆಲಸ ಮೊದಲು ಮಾಡಿಸ್ತೀನಿ. ಅಲಾಯ್ ಆಸೆ ಮಾತ್ರ ಪೂರ್ತಿ ಹೋಗಿಲ್ಲ ಅಣ್ಣಾ. 14 ಇಂಚಿನದ್ದೇ ಸರಿಯಾದ ಪಿಸಿಡಿಯಲ್ಲಿ ಸಿಕ್ಕರೆ ಹಾಕಬಹುದಾ?

ಕೌಲ್ ಬಜಾರ್‌ನಿಂದ

ಧಾರಾಳವಾಗಿ ಹಾಕಿ. ಅಳತೆ ಸರಿ ಇದ್ದರೆ ಅಲಾಯ್ ಮೇಲೆ ನನಗೇನೂ ಕೋಪ ಇಲ್ಲ. ಹಳೆ ಡಿಸ್ಕ್ ಐದನ್ನೂ ಮಾರಬೇಡಿ, ಸ್ಟೆಪ್ನಿಗೆ ಹಳೆ ಬೋಲ್ಟ್ ನಾಲ್ಕು ಡಿಕ್ಕಿಯಲ್ಲೇ ಇರಲಿ, ಉದ್ದದ ಬೋಲ್ಟ್ ಅದಕ್ಕೆ ಆಗಲ್ಲ. ಭಾನುವಾರ ಬೆಳಿಗ್ಗೆ ಬಿಸಿಲೇರುವ ಮುಂಚೆ ನಾನೇ ಬರ್ತೀನಿ. ವರ್ನಿಯರ್ ನನ್ನ ಹತ್ತಿರ ಇದೆ. ನೀವು ಒಂದು ಚಕ್ರ ಬಿಚ್ಚಿಟ್ಟಿರಿ, ಜಾಕ್ ಪಕ್ಕದಲ್ಲಿ ಕಲ್ಲು ಕೊಡೋದು ಮರೀಬೇಡಿ. ಆ ಸೊಟ್ಟ ಕ್ಯಾಪನ್ನೂ ತೆಗೆದಿಡಿ, ಮರದ ಸುತ್ತಿಗೆ ತರ್ತೀನಿ.