ಫೀಡ್ ಆಗಾಗ ಕೈಕೊಡುತ್ತಿದೆ, ಯಾರಿಗೆ ಹೇಳಬೇಕು?

ನಾಪೋಕ್ಲು ಮಳೆ:
ನಮ್ಮ ಕಡೆಯ ಒಂದು ಸುದ್ದಿ ಸೈಟಿನ ಫೀಡನ್ನು (ಹೊಸ ಸುದ್ದಿಗಳ ಪಟ್ಟಿ ಇರುವ ಫೈಲ್) ಫೋನಿನ ರೀಡರ್‌ಗೆ (ಫೀಡ್ ಓದುವ ಆ್ಯಪ್) ಹಾಕಿಕೊಂಡಿದ್ದೇನೆ. ಮಳೆಗಾಲದಲ್ಲಿ ಭಾಗಮಂಡಲ ರಸ್ತೆಗೆ ನೀರು ಬಂತಾ, ಶಾಲೆಗೆ ರಜೆಯಾ, ಎಲ್ಲ ಅದರಲ್ಲೇ ನೋಡುವುದು. ನೆಟ್‌ವರ್ಕ್ ಸರಿಯಿಲ್ಲದ ಹೊತ್ತಲ್ಲಿ ಸೈಟ್ ತೆರೆಯುವುದೇ ಇಲ್ಲ, ಫೀಡ್ ಹೇಗೋ ಬರುತ್ತದೆ. ಈಗ ಒಂದು ದಿನ ಬಂದರೆ ಇನ್ನೊಂದು ದಿನ 'ಫೀಡ್ ಓದಲಾಗುತ್ತಿಲ್ಲ' ಅಂತ ನಿಂತುಬಿಡುತ್ತದೆ. ಸೈಟಿನವರಿಗೆ ಮೇಲ್ ಹಾಕಿದರೆ 'ನಮ್ಮಲ್ಲಿ ಎಲ್ಲ ಸರಿಯಾಗಿದೆ' ಅನ್ನುತ್ತಾರೆ. ಮತ್ತೆ ಅವರಿಗೇ ಹೇಳಬೇಕಾ, ರೀಡರ್ ಮಾಡಿದವರಿಗಾ?

ಕುಶಾಲನಗರದಿಂದ:
ಅವರು ಬ್ರೌಸರ್‌ನಲ್ಲಿ ಸೈಟ್ ನೋಡಿ ಹೇಳಿರುತ್ತಾರೆ. ವೆಬ್ ಪುಟ ಬರೆಯುವ ಎಚ್‌ಟಿಎಂಎಲ್‌ನಲ್ಲಿ ತಪ್ಪಿದ್ದರೆ ಬ್ರೌಸರ್ ಸುಧಾರಿಸಿಕೊಂಡು ತೋರಿಸುತ್ತದೆ. ಫೀಡ್ ಬರೆಯುವುದು ಎಕ್ಸ್‌ಎಂಎಲ್ ಅನ್ನುವ ಇನ್ನೊಂದು ಮಾದರಿಯಲ್ಲಿ ಅಲ್ವಾ, 1998ರಿಂದ ಅದರ ನಿಯಮವೇ ಬೇರೆ: ಇಂಥ ತಪ್ಪು ಒಂದೇ ಇದ್ದರೂ ಅಲ್ಲೇ ನಿಲ್ಲಿಸಬೇಕು. ಫೀಡಿನ ವಿಳಾಸವನ್ನು ಡಬ್ಲ್ಯೂ3ಸಿಯ (ವೆಬ್ ಮಾನದಂಡ ರೂಪಿಸುವ ಸಂಸ್ಥೆ) ಫೀಡ್ ವ್ಯಾಲಿಡೇಟರ್ ಅನ್ನುವ ತಪ್ಪು ಹುಡುಕುವ ಪುಟಕ್ಕೆ ಹಾಕಿ, ತಪ್ಪು ಎಷ್ಟನೇ ಸಾಲಲ್ಲಿ ಅಂತ ತೋರಿಸುತ್ತದೆ. ಕೆಟ್ಟಿರುವಾಗಲೇ ಫೈಲ್ ಸೇವ್ ಮಾಡಿಕೊಳ್ಳಿ. ಹೊಸ ಸುದ್ದಿ ಸೇರಿದ ಹಾಗೆ ಹಳೆಯದು ಪಟ್ಟಿಯಿಂದ ಹೋಗುತ್ತದೆ, ಅವರು ನೋಡುವ ಹೊತ್ತಿಗೆ ತಪ್ಪೇ ಇರುವುದಿಲ್ಲ.

ನಾಪೋಕ್ಲು ಮಳೆ:
ಹಾಕಿ ನೋಡಿದೆ. ಯುಟಿಎಫ್-8 ದೋಷ ಅಂತೆ, ಒಂದು ಸುದ್ದಿಯ ಸಾರಾಂಶದ ಕೊನೆಯಲ್ಲಿ. 'ಭಾಗಮಂಡಲ ರಸ್ತೆ ಬಂ' ಆದಮೇಲೆ ಕಪ್ಪು ಗುರುತಿನೊಳಗೆ ಒಂದು ಪ್ರಶ್ನಾರ್ಥಕ ಚಿಹ್ನೆ.

ಗೋಣಿಕೊಪ್ಪ ಕೋಡರ್:
ಸಿಕ್ಕಿತು ನೋಡಿ! ಯುಟಿಎಫ್-8 ಅಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಕ್ರಮ. ಅದರಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಗುಣಿತದ ಚಿಹ್ನೆಗೂ 3 ಬೈಟ್. ಸಾರಾಂಶವನ್ನು ಬೈಟ್ ಲೆಕ್ಕದಲ್ಲಿ ಕತ್ತರಿಸುತ್ತಿದ್ದಾರೆ, 'ಬಂದ್' ಪದದ 'ದ' ಮಧ್ಯದಲ್ಲೇ ತುಂಡಾಗಿದೆ. ಖಾಲಿ ಜಾಗ, ಇಂಗ್ಲಿಷ್ ಅಂಕಿಗಳಿಗೆ 1 ಬೈಟ್ ಆದ್ದರಿಂದ ಕೆಲವು ಸಲ ಕತ್ತರಿ ಸರಿಯಾದ ಕಡೆ ಬೀಳುತ್ತದೆ. ಅದಕ್ಕೇ ದಿನಾ ಕೆಡುವುದಿಲ್ಲ. ಇಂಗ್ಲಿಷ್ ಅಕ್ಷರಕ್ಕೂ 1 ಬೈಟೇ, ಅದರಲ್ಲಿ ಮಾತ್ರ ಪರೀಕ್ಷೆ ಮಾಡಿದವರಿಗೆ ಇದು ಕಾಣುವುದೇ ಇಲ್ಲ.

ಫೀಡಿನ ಮೇಲ್ಭಾಗದಲ್ಲಿ ಜನರೇಟರ್ ಅನ್ನುವ ಟ್ಯಾಗ್ ಇದ್ದರೆ ಫೀಡ್ ತಯಾರಿಸುವ ತಂತ್ರಾಂಶದ ಹೆಸರು ಸಿಗುತ್ತದೆ. ಅದೇ ತಂತ್ರಾಂಶದ ಬೇರೆ ಕನ್ನಡ ಸೈಟುಗಳ ಫೀಡೂ ಹೀಗೇ ಕೆಟ್ಟಿದ್ದರೆ ಅದನ್ನು ಮಾಡಿದವರಿಗೇ ತಿಳಿಸಿ, ತಮಿಳು ಮಲಯಾಳಂನವರಿಗೂ ಉಪಕಾರ. ಇದೊಂದೇ ಸೈಟ್ ಆದರೆ ಅವರು ಸೇರಿಸಿಕೊಂಡ ಥೀಮ್ (ಸೈಟಿನ ವಿನ್ಯಾಸ) ಅಥವಾ ಪ್ಲಗಿನ್ (ಹೆಚ್ಚುವರಿ ತಂತ್ರಾಂಶ) ಮೇಲೆ ಅನುಮಾನ ಜಾಸ್ತಿ.

ಕುಶಾಲನಗರದಿಂದ:
ರೀಡರ್‌ನವರ ತಪ್ಪಿಲ್ಲ. ಎಷ್ಟನೇ ಸಾಲು ಅಂತ ತೋರಿಸಿ ಎಂದು ಅವರನ್ನು ಕೇಳಬಹುದು, ಅಷ್ಟೇ. ಸೈಟಿನವರಿಗೆ ಸುಮ್ನೆ 'ಫೀಡ್ ಸರಿಯಿಲ್ಲ' ಅಂತ ಬರೆಯಬೇಡಿ. ಯಾವ ಸುದ್ದಿ, ಯಾವ ಸಾಲು, ಎಷ್ಟು ಗಂಟೆಗೆ ಅಂತ ಬರೆದು ಸೇವ್ ಮಾಡಿದ ಫೈಲ್ ಜೊತೆಗೆ ಹಾಕಿ. ಸೈಟ್ ನೋಡಿಕೊಳ್ಳುವವರಿಗೆ ಇದನ್ನು ದಾಟಿಸಿ ಅಂತ ಮೊದಲ ಸಾಲಲ್ಲೇ ಕೇಳಿಕೊಳ್ಳಿ.