ರಜೆ ಮುಗಿದ ಮೇಲೆ ಲ್ಯಾಬ್ ಕಂಪ್ಯೂಟರ್ ಚಾಲೂ ಆಗುತ್ತಿಲ್ಲ

ಪ್ರಶ್ನೆ (ಪ್ರೌಢಶಾಲೆ ಶಿಕ್ಷಕಿ, ಕುಮಟಾ): ಕೆಲವು ಬೀಪ್ ಎನ್ನುತ್ತವೆ, ಪರದೆ ಕಪ್ಪು. ಎರಡರಲ್ಲಿ ತಾರೀಕು ಹಿಂದೆ ಹೋಗಿ ವೆಬ್‌ಸೈಟ್ ತೆರೆಯುತ್ತಿಲ್ಲ.

ಕಾರವಾರದಿಂದ: ಮೇಡಂ, ಬೀಪ್ ಹೆಚ್ಚಾಗಿ ಮೆಮೊರಿ ಪಟ್ಟಿಯಾದ ರ‍್ಯಾಮ್‌ದೇ. ಉಪ್ಪುಗಾಳಿಯ ತೇವಕ್ಕೆ ಅದರ ಹೊಂಬಣ್ಣದ ಅಂಚು ಮಾಸುತ್ತದೆ. ಪ್ಲಗ್ ಕಿತ್ತು, ಪವರ್ ಬಟನ್ 10 ಸೆಕೆಂಡ್ ಒತ್ತಿ ಹಿಡಿದು, ರ‍್ಯಾಮ್ ತೆಗೆದು ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ. ಪುಡಿ ಒರೆಸಿ, ಕ್ಲಿಪ್ ಟಕ್ ಎನ್ನುವವರೆಗೆ ಒತ್ತಿ ಕೂರಿಸಿ. ಮರಳುಕಾಗದ ಬೇಡವೇ ಬೇಡ, ಲೇಪವೇ ಹೋಗುತ್ತದೆ.

ಶಿರಸಿಯಿಂದ: ತಾರೀಕಿಗೆ ಒಳಗಿನ ಮುಖ್ಯ ಸರ್ಕ್ಯೂಟ್ ಹಲಗೆಯಾದ ಮದರ್‌ಬೋರ್ಡಿನ ನಾಣ್ಯದಂಥ 3 ವೋಲ್ಟ್ ಸಿಆರ್2032 ಸೆಲ್ ಬದಲಿಸಿ; ಕಂಪ್ಯೂಟರ್ ಬಂದ್ ಇದ್ದಾಗ ಗಡಿಯಾರ ನಡೆಸುವುದು ಅದೇ. ತಾರೀಕು ತಪ್ಪಿದ್ದರೆ ಸೈಟಿನ ಭದ್ರತಾ ಪ್ರಮಾಣಪತ್ರವನ್ನು ಬ್ರೌಸರ್ ಒಪ್ಪುವುದಿಲ್ಲ. ಈ ಕೆಲಸ ಮಕ್ಕಳ ಎದುರೇ ಮಾಡಿ, ಇದಕ್ಕಿಂತ ಒಳ್ಳೆಯ ಹಾರ್ಡ್‌ವೇರ್ ಪಾಠವಿಲ್ಲ.

ಕಾರವಾರದಿಂದ: ಮಳೆಗಾಲದಲ್ಲಿ ದಿನಾ ಅರ್ಧ ತಾಸಾದರೂ ಎಲ್ಲವನ್ನೂ ಚಾಲೂ ಇಡಿ. ಪ್ಲಾಸ್ಟಿಕ್ ಹೊದಿಕೆ ತೇವ ಹಿಡಿದಿಡುತ್ತದೆ, ಹತ್ತಿಬಟ್ಟೆ ಹೊದಿಸಿ.