ಟ್ರೆಟಿನಾಯಿನ್: 0.025 ಸಾಕಾ, 0.1 ಬೇಕಾ?

ಪ್ರಶ್ನೆ (ಮೈಸೂರು)
ವಯಸ್ಸು 50. ಕೆನ್ನೆ ಮೇಲೆ ಬಿಸಿಲಿನ ಕಂದು ಮಚ್ಚೆ. ಚರ್ಮದ ಡಾಕ್ಟರು ಟ್ರೆಟಿನಾಯಿನ್ (ವಿಟಮಿನ್ ಎ ಜಾತಿಯ ಕ್ರೀಮು) 0.025% ಬರೆದಿದ್ದಾರೆ. ಚೀನಾ, ಜಪಾನ್ ಮೂಲದವರಿಗೆ 0.1% ಹಚ್ಚಿಸಿ ಮಚ್ಚೆ ತಿಳಿಯಾಯ್ತು ಅಂತ ಓದಿದೆ. ಇದು ಅದರ ಕಾಲು ಭಾಗ, ಸಾಕಾಗುತ್ತಾ? ದಿನಾ ಹಚ್ಚಿ ಒಂದು ವಾರಕ್ಕೇ ಬಾಯಿ ಪಕ್ಕ ಸಿಪ್ಪೆ ಏಳ್ತಿದೆ.

ಉತ್ತರ 1
ಅದು 1994ರ ಅಧ್ಯಯನ. 40 ವಾರ ಹಚ್ಚಿದ ಮೇಲೆ ಶೇ. 90 ಜನಕ್ಕೆ ಮಚ್ಚೆ ತಿಳಿಯಾಯ್ತು. ಔಷಧಿ ಇಲ್ಲದ ಬರೀ ಕ್ರೀಮು ಹಚ್ಚಿದವರಲ್ಲೂ ಶೇ. 33 ಜನಕ್ಕೆ. 40 ವಾರ ಅನ್ನೋದನ್ನ ಮರೀಬೇಡಿ, ಒಂದು ಟ್ಯೂಬಿಗೆ ಮುಗಿಯೋ ಕೆಲಸ ಅಲ್ಲ. ಮರುವರ್ಷ ಬಿಳಿ ಚರ್ಮದವರಲ್ಲಿ 0.025 ಮತ್ತು 0.1 ಹೋಲಿಸಿ ನೋಡಿದಾಗ 48 ವಾರಕ್ಕೆ ಗುಣ ಹೆಚ್ಚುಕಮ್ಮಿ ಒಂದೇ, ಉರಿ ಮಾತ್ರ 0.1ರಲ್ಲಿ ಜಾಸ್ತಿ. ನಮ್ಮ ಬಣ್ಣದ ಚರ್ಮ ಉರಿದ ಜಾಗದಲ್ಲೇ ಹೊಸ ಕಪ್ಪು ಕೂರುತ್ತೆ. ಡಾಕ್ಟರು ಸರಿಯಾಗೇ ಬರೆದಿದ್ದಾರೆ.

ಸಿಪ್ಪೆ ನಿಲ್ಲೋವರೆಗೆ ಕ್ರೀಮು ನಿಲ್ಲಿಸಿ. ಆಮೇಲೆ ವಾರಕ್ಕೆ ಎರಡೇ ರಾತ್ರಿ. ಮುಖ ತೊಳೆದು 20 ನಿಮಿಷ ಒಣಗಲಿ. ಒದ್ದೆ ಮುಖಕ್ಕೆ ಹಚ್ಚಿದರೆ ಉರಿ ಹೆಚ್ಚು. ಮೂಗಿನ ಅಂಚು, ಬಾಯಿ ಮೂಲೆ, ಕಣ್ಣ ಕೆಳಗೆ ವ್ಯಾಸಲೀನು ಸವರಿ. ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು ಸಾಕು. ಅವರೆಕಾಳಲ್ಲ, ಬಟಾಣಿ! ಹಣೆ, ಕೆನ್ನೆ, ಗಲ್ಲಕ್ಕೆ ಚುಕ್ಕೆ ಇಟ್ಟು ಹರಡಿ. ಮಚ್ಚೆ ಮೇಲಷ್ಟೇ ಮೆತ್ತಿದರೆ ಸುತ್ತ ಕಪ್ಪು ಉಂಗುರ ಬರುತ್ತೆ. ಮೇಲೆ ಮಾಯಿಶ್ಚರೈಸರ್. ತಿಂಗಳು ತಡೆದುಕೊಂಡರೆ ದಿನ ಬಿಟ್ಟು ದಿನ.

ಉತ್ತರ 2 (ಮಂಡ್ಯ)
ಸನ್‌ಸ್ಕ್ರೀನ್ ಇಲ್ಲದಿದ್ದರೆ ಮೇಲಿನದೆಲ್ಲ ದಂಡ. ಎರಡು ಬೆರಳುದ್ದ ಹಿಂಡಿ. ಬಣ್ಣ ಬೆರೆಸಿದ್ದೇ ತಗೊಳ್ಳಿ; ಅದರಲ್ಲಿರೋ ಐರನ್ ಆಕ್ಸೈಡ್ ಕಣ್ಣಿಗೆ ಕಾಣೋ ಬೆಳಕನ್ನೂ ತಡೆಯುತ್ತೆ, ನಮ್ಮ ಚರ್ಮ ಅದಕ್ಕೂ ಕಪ್ಪಾಗುತ್ತೆ. ಕಬ್ಬಿನ ಗದ್ದೆ ಕೆಲಸ ಇರೋರು ಬೆವರಿಗೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು, ಜೊತೆಗೆ ಅಗಲ ಟೋಪಿ. ಥ್ರೆಡ್ಡಿಂಗ್, ವ್ಯಾಕ್ಸಿಂಗ್‌ಗೆ ಒಂದು ವಾರ ಮುಂಚೆ ಕ್ರೀಮು ನಿಲ್ಲಿಸಿ, ಇಲ್ಲಾಂದ್ರೆ ಚರ್ಮವೇ ಕಿತ್ತು ಬರುತ್ತೆ.

ಉತ್ತರ 3
ಟ್ಯೂಬಿನ ಹಿಂಭಾಗ ಓದಿ. ಟ್ರೆಟಿನಾಯಿನ್ ಜೊತೆ ಹೈಡ್ರೋಕ್ವಿನೋನ್ (ಬಣ್ಣ ತಿಳಿ ಮಾಡೋ ಔಷಧಿ), ಮೊಮೆಟಾಸೋನ್ ಅಂತ ಇದ್ದರೆ ಅದು ಬೇರೆಯೇ ಕ್ರೀಮು, ಮೊಮೆಟಾಸೋನ್ ಅಂದ್ರೆ ಸ್ಟೀರಾಯ್ಡ್. ಬೇಗ ಬೆಳ್ಳಗೆ ಕಾಣುತ್ತೆ, ಅದಕ್ಕೇ ಜನ ಚೀಟಿ ಇಲ್ಲದೆ ತಿಂಗಳುಗಟ್ಟಲೆ ಹಚ್ಚೋದು. ಆಮೇಲೆ ಚರ್ಮ ತೆಳ್ಳಗಾಗಿ ಕೆಂಪು ನರ ಕಾಣುತ್ತೆ, ಬಿಟ್ಟರೆ ಮುಖವೆಲ್ಲ ಉರಿ.

ಉತ್ತರ 1
ಹೌದು, ಅದು ಬಿಟ್ಟುಹೋಗಿತ್ತು. ಇನ್ನೊಂದು: ಮನೇಲಿ ಬಸುರಿಯರು, ಗರ್ಭ ನಿಲ್ಲಲಿ ಅಂತ ಕಾಯ್ತಿರೋರು ಈ ಟ್ಯೂಬ್ ಮುಟ್ಟೋದು ಬೇಡ.